ನೀರು ಬರುವ ದಿನವೇ ಮನೆ ತೋರಿಸುವ ಏಜೆಂಟ್

ಬಳ್ಳಾರಿಯಲ್ಲಿ ಮನೆ ಕೊಳ್ಳೋಕೆ ಏಜೆಂಟ್ ಯಾಕೆ, ನಾವೇ ಓಡಾಡಿ ಹುಡುಕಿದರೆ ಆಗಲ್ವಾ ಅಂತ ಆಫೀಸಿನಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ. 2023ರಲ್ಲಿ ಒಬ್ಬ ಏಜೆಂಟರ ಮೂಲಕ ಹಳೆಯ ಮನೆಯೊಂದನ್ನು ಕೊಂಡೆ. ಮಹಡಿ ಮನೆಗೆ ಬಾಡಿಗೆಯವರು ಬೇಕೆಂದರೆ ಈಗಲೂ ಅವರಿಗೇ ಫೋನ್ ಮಾಡುತ್ತೇನೆ. ಹಾಗಂತ ಎಲ್ಲ ಸರಿ ಇತ್ತು ಅಂತಲ್ಲ. ಒಂದು ವಿಷಯಕ್ಕೆ ಇವತ್ತಿಗೂ ಸಿಟ್ಟಿದೆ. ಅದನ್ನೂ ಹೇಳುತ್ತೇನೆ.

ನಮ್ಮ ಬಜೆಟ್ 45 ಲಕ್ಷ, ಅದರಲ್ಲಿ ಮುಕ್ಕಾಲು ಪಾಲು ಬ್ಯಾಂಕಿನದು. ನಮ್ಮ ಯಜಮಾನರದು ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ನಾನು ಬೆಳಿಗ್ಗೆ ಹೋದರೆ ಬರೋದು ಸಂಜೆ. ಮೊದಲ ಭೇಟಿಯಲ್ಲಿ ಉಳಿದ ಏಜೆಂಟರು ಪೂರ್ವದ ಬಾಗಿಲಾ, ಉತ್ತರದ ಬಾಗಿಲಾ ಅಂತ ಕೇಳಿದ್ದರು. ಇವರು ಕೇಳಿದ್ದು ಬೇರೆ. "ನಿಮ್ಮ ಮನ್ಯಾಗ ನೀರು ಹಿಡಿಯೋರು ಯಾರ್ರೀ ಮೇಡಂ?"

ಬಳ್ಳಾರಿಯಲ್ಲಿ ಇದ್ದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ನಲ್ಲಿ ನೀರು ದಿನಾ ಬರಲ್ಲ, ಏರಿಯಾ ಏರಿಯಾಗೆ ಸರದಿ. ಬೇಸಿಗೆ ಬಂತೆಂದರೆ ಸರದಿ ಇನ್ನೂ ಉದ್ದ. ಹಗಲು ಮನೆಯಲ್ಲಿ ಯಾರೂ ಇರಲ್ಲ ಅಂದ ತಕ್ಷಣ ಸಂಪ್ ಇಲ್ಲದ ಮನೆಗಳನ್ನೆಲ್ಲ ಅವರು ಪಟ್ಟಿಯಿಂದ ತೆಗೆದು ಹಾಕಿದರು. ಉಳಿದವನ್ನು ತೋರಿಸಿದ್ದು ಆ ಬೀದಿಗೆ ನೀರು ಬಿಡುವ ದಿನ, ಬಿಡುವ ಹೊತ್ತಿಗೆ. ಯಾವ ಓಣಿಗೆ ಯಾವಾಗ ಅಂತ ವಾಲ್ವ್ ತಿರುಗಿಸುವವರನ್ನೇ ಕೇಳಿಕೊಂಡು ಬರುತ್ತಿದ್ದರು.

ಒಂದು ಮನೆ ನನಗೆ ತುಂಬಾ ಹಿಡಿಸಿತ್ತು. ಗ್ರಾನೈಟ್ ನೆಲ, ಮಾಡ್ಯುಲರ್ ಅಡುಗೆಮನೆ, ಸಂಪ್ ಪೂರ್ತಿ ತುಂಬಿತ್ತು. ಮನೆಯವರು ಟೀ ತರಲು ಒಳಗೆ ಹೋದಾಗ ಇವರು ಸಂಪಿನ ಮುಚ್ಚಳ ಎತ್ತಿ ಮೊಬೈಲ್ ಟಾರ್ಚ್ ಹಾಕಿದರು. ನೀರಿಗಿಂತ ಸ್ವಲ್ಪ ಮೇಲೆ ಗೋಡೆಗೆ ಬೆರಳು ಒರೆಸಿ ನನಗೆ ತೋರಿಸಿದರು. ಬೆರಳ ತುಂಬಾ ಬಿಳಿ ಪುಡಿ, ಗಡಸು ನೀರು ಬಿಟ್ಟುಹೋಗುವಂಥದ್ದು. "ಇದು ಬೋರಿನ ನೀರು. ಟ್ಯಾಂಕರ್ ಹಾಕಿಸ್ಯಾರ." ಆಮೇಲೆ ಹೊರಗೆ ಬಂದು ಪೈಪಿನ ಹತ್ತಿರ ಕೂತು ನೋಡಿದೆವು. ಬೀದಿಯವರೆಲ್ಲ ಮೋಟಾರ್ ಹಚ್ಚಿದ್ದರು. ಕೊನೆಯ ಮನೆ ಇದು. ಇಲ್ಲಿಗೆ ಬಂದ ನೀರು ನೂಲಿನಷ್ಟು. ಪಕ್ಕದ ಮನೆ ಅಜ್ಜಿಯನ್ನು ಮಾತಾಡಿಸಿದಾಗ ಉಳಿದ ಕಥೆಯೂ ಗೊತ್ತಾಯಿತು. ಟೀ ಕುಡಿದು ಸುಮ್ನೆ ಬಂದೆವು. ಆ ಮನೆ ಮಾರಿಸಿದ್ದರೂ ಅವರಿಗೆ ಕಮಿಷನ್ ಬರುತ್ತಿತ್ತು, ಅಲ್ವಾ?

ಕಾಗದ ಪತ್ರದ ವಿಷಯದಲ್ಲೂ ಇಷ್ಟೇ ಗಟ್ಟಿ. ನಾನು ರಾಯಚೂರು ಕಡೆಯವಳು, ನಮಗೆ ಎಕರೆ, ಗುಂಟೆ ಗೊತ್ತು. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತಲ್ಲ, ಇಲ್ಲಿ ಲೆಕ್ಕ ಸೆಂಟಿನಲ್ಲಿ. ಮೂಲ ಪತ್ರದಲ್ಲಿ ಎರಡೂಮುಕ್ಕಾಲು ಸೆಂಟ್ ಅಂತಿದ್ದದ್ದು ನೋಡಿ ನನಗೆ ತಲೆಬುಡ ತಿಳಿಯಲಿಲ್ಲ. ಸೆಂಟಿಗೆ 435.6 ಚದರ ಅಡಿ, ಅಂದರೆ ಹೆಚ್ಚುಕಡಿಮೆ ಮೂವತ್ತು ನಲವತ್ತರ ಸೈಟು ಅಂತ ಬಾಯಲ್ಲೇ ಲೆಕ್ಕ ಹೇಳಿದರು. ಹೇಳಿ ಬಿಡಲಿಲ್ಲ. ಟೇಪ್ ಹಿಡಿದು ನಾಲ್ಕೂ ಕಡೆ ಅಳೆದು, ಪತ್ರದಲ್ಲಿದ್ದ ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಗಳನ್ನು, ಗಟ್ಟಿಯಾಗಿ ಓದುತ್ತಾ ಒಂದೊಂದು ದಿಕ್ಕಿಗೂ ಮುಖ ಮಾಡಿ ನಿಂತರು.

ಇ.ಸಿ. ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತೆ. ಬ್ಯಾಂಕಿನವರು 30 ವರ್ಷದ್ದು ಕೇಳಿದ್ದರಿಂದ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅವರೇ ಅಲೆದರು. ಆದರೆ ಇ.ಸಿ.ಯಲ್ಲಿ ಕಾಣದ ಒಂದು ಸಂಗತಿಯನ್ನು ಅವರು ಹಿಡಿದದ್ದು ಮಾತಿನಲ್ಲಿ. ಮಾರುವವರು ಇಬ್ಬರು ಅಣ್ಣತಮ್ಮಂದಿರು. ತಂದೆ ಕೊಂಡ ಮನೆ, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಖಾತೆ ಇಬ್ಬರ ಹೆಸರಿಗೆ ಆಗಿತ್ತು. ಎಲ್ಲ ಕೇಳಿಸಿಕೊಂಡು ಏಜೆಂಟರು, "ಅಕ್ಕತಂಗೇರು ಎಷ್ಟು ಮಂದಿ?" ಅಂದರು. ಆದೋನಿಗೆ ಕೊಟ್ಟ ಒಬ್ಬ ಅಕ್ಕ ಇದ್ದರು.

"ಆಕೀಗೆ ಮದುವ್ಯಾಗ ಬಂಗಾರ ಹಾಕೀವಿ ಬಿಡ್ರಿ," ಅಂದ ದೊಡ್ಡವನು.

"ಬಂಗಾರ ಇ.ಸಿ.ಯೊಳಗ ಬರಂಗಿಲ್ಲಣ್ಣ."

ಅಲ್ಲಿಗೆ ಮಾತು ನಿಂತಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಇಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆಕೆ ಸಹಿ ಇಲ್ಲದೆ ಕೊಂಡಿದ್ದರೆ ಮುಂದೊಂದು ದಿನ ಕೋರ್ಟಿನ ನೋಟಿಸ್ ಬರುತ್ತಿದ್ದದ್ದು ನಮ್ಮ ಬಾಗಿಲಿಗೆ. ವಂಶವೃಕ್ಷ ತರಿಸಿ, ಆ ಅಕ್ಕನನ್ನೂ ಕ್ರಯಪತ್ರಕ್ಕೆ ಸೇರಿಸಿದ ಮೇಲೆಯೇ ನಮ್ಮಿಂದ ಅಡ್ವಾನ್ಸ್ ಕೊಡಿಸಿದರು. ಆಕೆಗೆ ಪಾಲಿನ ಚೆಕ್ಕೂ ಬಂತು ಅನ್ನಿ.

ಆ ವರ್ಷ ಅಕ್ಟೋಬರ್ 1ರಿಂದ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ, ಪರಿಷ್ಕರಣೆ ಆಗುವುದಿತ್ತು. ಇಡೀ ರಾಜ್ಯದ ಜನ ಸೆಪ್ಟೆಂಬರ್‌ನಲ್ಲೇ ರಿಜಿಸ್ಟ್ರೇಷನ್‌ಗೆ ಮುಗಿಬಿದ್ದಿದ್ದರು. ನಮಗೂ ಸೆಪ್ಟೆಂಬರ್‌ನಲ್ಲೇ ಸ್ಲಾಟ್ ಹಿಡಿದುಕೊಟ್ಟರು. ಆಗ ನೋಂದಣಿ ಶುಲ್ಕ ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಅದು ಶೇ 2 ಆಗಿದೆ. ಈ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ನಗರದಲ್ಲಿ ಶೇ 7.6 ಬೀಳುತ್ತೆ. ಈಗ ಕೊಳ್ಳುವವರು ಇದನ್ನು ಬಜೆಟ್ಟಿನೊಳಗೇ ಇಟ್ಟುಕೊಳ್ಳಿ.

ಇಷ್ಟು ಹೊಗಳಿಕೆ ಸಾಕು. ಇನ್ನು ಸಿಟ್ಟಿನ ವಿಷಯ.

ಅಣ್ಣತಮ್ಮಂದಿರು 46 ಲಕ್ಷದಿಂದ ಶುರು ಮಾಡಿ 43ಕ್ಕೆ ಬಂದು ನಿಂತರು. ನಾನು ಇನ್ನೂ ಜಗ್ಗೋಣ ಅಂದೆ. ಏಜೆಂಟರು ಪ್ರತಿ ಸಲವೂ "ಇನ್ನ ಇಳಿಯಂಗಿಲ್ಲ ಮೇಡಂ, ಕೈ ಬಿಟ್ಟು ಹೋಗ್ತದ" ಅಂದರು. ನಂಬಿದೆವು. ರಿಜಿಸ್ಟ್ರೇಷನ್ ದಿನ ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ಮಾಡಿಸುತ್ತಿದ್ದೆ. ಅಲ್ಲೇ ಪಕ್ಕದಲ್ಲಿ ದೊಡ್ಡಣ್ಣ ನಮ್ಮ ಏಜೆಂಟರಿಗೆ ಒಂದು ಕವರ್ ಕೊಟ್ಟ. ಕೇಳಿದರೆ ಮುಚ್ಚಿಡಲಿಲ್ಲ. ನಮ್ಮಿಂದ ಶೇ 1, ಅವರಿಂದ ಶೇ 2. "ಎರಡೂ ಕಡೆ ತಗೊಳ್ಳೋದು ಪದ್ಧತಿ ಐತಿ ಮೇಡಂ." ಪದ್ಧತಿ ಇರಬಹುದು, ಮೊದಲೇ ಹೇಳೋದೂ ಒಂದು ಪದ್ಧತಿ ಅಲ್ವಾ?

ಅದಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಗೃಹಪ್ರವೇಶಕ್ಕೆ ಆದೋನಿಯ ಅಕ್ಕನನ್ನೂ ಕರೆದಿದ್ದೆವು. ಊಟಕ್ಕೆ ಕೂತಾಗ ಆಕೆ, ಏನೂ ಗೊತ್ತಿಲ್ಲದೆ, ತಮ್ಮಂದಿರು ನಲವತ್ತೊಂದೂವರೆಗೂ ಒಪ್ಪುತ್ತಿದ್ದರು ಅಂದುಬಿಟ್ಟರು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಒಂದೂವರೆ ಲಕ್ಷ ಇಳಿಸಿದ್ದರೆ ಏಜೆಂಟರಿಗೆ ಎರಡೂ ಕಡೆಯಿಂದ ಸೇರಿ ಕಮ್ಮಿಯಾಗುತ್ತಿದ್ದದ್ದು 4,500 ರೂಪಾಯಿ ಅಷ್ಟೇ. ಅಷ್ಟಕ್ಕಾಗಿ ಮಾಡಿದರು ಅಂತ ನನಗೆ ಅನಿಸಲ್ಲ. ಅವರಿಗೆ ಬೇಕಾಗಿದ್ದದ್ದು ವ್ಯವಹಾರ ಬೇಗ ಮುಗಿಯೋದು. ನಮಗೆ ಬೇಕಾಗಿದ್ದದ್ದು ದುಡ್ಡು ಉಳಿಯೋದು. ನೀರು, ಕಾಗದ, ಅಕ್ಕನ ಸಹಿ, ಇಲ್ಲೆಲ್ಲ ಅವರೂ ನಾವೂ ಒಂದೇ ಕಡೆ ಇದ್ದೆವು. ರೇಟಿನ ಮಾತಿಗೆ ಬಂದಾಗ ಇರಲಿಲ್ಲ. ಒಂದೂವರೆ ಲಕ್ಷ ಅಂದರೆ ನಮ್ಮ ಮನೆಯಲ್ಲಿ ಹಲವು ತಿಂಗಳ ಕಂತು. ಕಮಿಷನ್ನಿಗೆ ರಸೀದಿಯನ್ನೂ ಕೊಡಲಿಲ್ಲ. ಎಷ್ಟೋ ದಿನ ಫೋನ್ ಮಾಡಲೇ ಇಲ್ಲ ನಾನು.

ಅವರೇ ಮಾಡಿದರು. 2024ರಲ್ಲಿ ರಿಜಿಸ್ಟ್ರೇಷನ್‌ಗೆ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಕಡ್ಡಾಯ ಆಯಿತಲ್ಲ, ಆಗ. "ಮಾರೋದಿಲ್ಲ ಅಂದ್ರೂ ಮಾಡಿಸಿ ಇಡ್ರಿ, ನಾಳೆ ಲೋನಿಗೆ ಬೇಕಾಗ್ತದ" ಅಂದರು. ಕ್ರಯಪತ್ರ, ತೆರಿಗೆ ರಸೀದಿ, ಜೆಸ್ಕಾಂ ಕರೆಂಟ್ ಬಿಲ್, ಮನೆ ಫೋಟೊ ಎಲ್ಲ ಒಟ್ಟು ಮಾಡಿ ಪಾಲಿಕೆಗೆ ಅವರೇ ಓಡಾಡಿದರು. ದುಡ್ಡು ಕೊಡಲು ಹೋದರೆ ಬೇಡವೆಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಹೋದರು. ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಮಾತು ಶುರುವಾಯಿತು. ಮಹಡಿಗೆ ಬಾಡಿಗೆಯವರನ್ನು ಕರೆತರುವಾಗಲೂ ಅದೇ ಕ್ರಮ. ಹನ್ನೊಂದು ತಿಂಗಳ ಕರಾರಿಗಿಂತ ಮೊದಲು ನೀರಿನ ಸರದಿ ಹೇಳಿಯೇ ಮುಂದಿನ ಮಾತು. ಅವರು ಇಟ್ಟ ಬಾಡಿಗೆಯವರಿಂದ ನನಗೆ ಇವತ್ತಿನ ತನಕ ನೀರಿನ ಜಗಳ ಬಂದಿಲ್ಲ.

ಈಗ ನನ್ನ ತಮ್ಮ ಹೊಸ ಲೇಔಟಿನಲ್ಲಿ ಸೈಟು ನೋಡುತ್ತಿದ್ದಾನೆ. ಅದು ಬೇರೆ ಬಗೆಯ ವ್ಯವಹಾರ. ರೇರಾ ಅಂದರೆ ರಿಯಲ್ ಎಸ್ಟೇಟ್ ವ್ಯವಹಾರದ ಮೇಲೆ ಕಣ್ಣಿಡುವ ಪ್ರಾಧಿಕಾರ. ಅದರ ವ್ಯಾಪ್ತಿಗೆ ಬರುವ ಲೇಔಟಿನಲ್ಲಿ ಡೆವಲಪರ್ ಪರವಾಗಿ ಸೈಟು ಮಾರಿಸುವ ಏಜೆಂಟ್ ರೇರಾದಲ್ಲಿ ಹೆಸರು ನೋಂದಾಯಿಸಿರಲೇಬೇಕು. ನಮ್ಮದು ಹಳೆ ಮನೆ ಕೈಬದಲಾಗಿದ್ದು, ಅದಕ್ಕೆ ಆ ನಿಯಮ ಇರಲಿಲ್ಲ. ಕೆಲವರು ಲೇಔಟಿನ ರೇರಾ ನಂಬರನ್ನೇ ತಮ್ಮದು ಅಂತ ತೋರಿಸುತ್ತಾರೆ. ಕರ್ನಾಟಕದಲ್ಲಿ ಏಜೆಂಟರ ನಂಬರಿನ ನಡುವೆ 'ಎಜಿ' ಅಂತ ಇರುತ್ತೆ, ಪ್ರಾಜೆಕ್ಟಿನದರಲ್ಲಿ 'ಪಿಆರ್'. ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡೋಕೆ ಎರಡು ನಿಮಿಷ ಸಾಕು. ನಮ್ಮ ಏಜೆಂಟರು ಈಗ ನೋಂದಣಿ ಮಾಡಿಸಿಕೊಂಡಿದ್ದಾರೆ, ನೋಡಿದೆ.

ತಮ್ಮನಿಗೆ ಅವರ ನಂಬರನ್ನೇ ಕೊಟ್ಟೆ. ಎರಡೂ ಕಡೆಯ ಕಮಿಷನ್ ಎಷ್ಟು ಅಂತ ಮೊದಲೇ ಬರೆಸಿಕೋ, ಎನ್.ಎ. ಆದೇಶದ (ಹೊಲವನ್ನು ಕೃಷಿಯೇತರ ಜಾಗವಾಗಿ ಬದಲಿಸಿದ ಆದೇಶ) ಪ್ರತಿ ಅವರಿಂದಲೇ ಓದಿಸು, ರೇಟು ಮಾತ್ರ ನೀನೇ ಮಾತಾಡು ಅಂದೆ. ಅವನು ಹೋಗಿ ಹಾಗೇ ಹೇಳಿದ್ದಾನೆ. ಅವರೇನೂ ಬೇಜಾರು ಮಾಡಿಕೊಂಡಿಲ್ಲ. "ನೀವೇ ಮಾತಾಡ್ರಿ ಸರ್, ನನ್ನ ಗಂಟಲಾದ್ರೂ ಉಳೀತದ" ಅಂದರಂತೆ.