ಶಿರಸಿಯ ಡಿಟಿಪಿ ಅಂಗಡಿಗೆ ಮ್ಯಾಕ್ ಮಿನಿ: ನುಡಿ ಫೈಲ್ ಬರುವ ತನಕ ಎಲ್ಲ ಚೆಂದ

ಶಿರಸಿಯಲ್ಲಿ ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಮದುವೆ, ಉಪನಯನದ ಆಮಂತ್ರಣ, ತಾಳಮದ್ದಲೆಯ ಕರಪತ್ರ, ಬಿಲ್ ಬುಕ್, ಸೊಸೈಟಿಗಳ ವಾರ್ಷಿಕ ವರದಿ, ನಡುವೆ ಯಾರಾದರೂ ಬಂದರೆ ಝೆರಾಕ್ಸು. ಮೂರು ಕಂಪ್ಯೂಟರ್ ಇದ್ದವು, ಮೂರೂ ವಿಂಡೋಸ್. ಈಗ ಎರಡು ಹೋಗಿ ಆ ಜಾಗಕ್ಕೆ ಆಪಲ್ ಕಂಪನಿಯ ಪುಟ್ಟ ಕಂಪ್ಯೂಟರ್ ಮ್ಯಾಕ್ ಮಿನಿ ಬಂದಿವೆ. ಮೂರನೆಯದು ವಿಂಡೋಸ್ ಆಗಿಯೇ ಉಳಿದಿದೆ. ಉಳಿಯಲೇಬೇಕು, ಯಾಕೆ ಅಂತ ಮುಂದೆ ಬರೆದಿದ್ದೇನೆ. ಅಂಗಡಿ ಇಟ್ಟವರು ಸುಮಾರು ಜನ 'ಹ್ಯಾಂಗಿದ್ದು ಮ್ಯಾಕು?' ಅಂತ ಕೇಳುತ್ತಿದ್ದಾರೆ, ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ.

ಬದಲಾಯಿಸಿದ್ದು ಶೋಕಿಗಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ನಮ್ಮವು ಅದಕ್ಕಿಂತ ಹಳೆಯವು. ಹೇಗೂ ಹೊಸದು ತಗೊಳ್ಳಬೇಕು ಅಂದಾಗ ಲೆಕ್ಕ ಹಾಕಿದೆವು. ಎಂ4 ಚಿಪ್ಪಿನ ಮ್ಯಾಕ್ ಮಿನಿ 2024ರ ಕೊನೆಗೆ ಬಂದಾಗ ಅದರ ಆರಂಭದ ಬೆಲೆ 59,900 ರೂಪಾಯಿ, 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್. ಜಿಎಸ್‌ಟಿ ನೋಂದಣಿ ಇದ್ದವರು ಅಂಗಡಿ ಹೆಸರಿಗೆ ಬಿಲ್ ಮಾಡಿಸಿದರೆ ಒಳಗಿನ ಶೇ 18 ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಅಂದರೆ ಒಂಬತ್ತು ಸಾವಿರದ ಮೇಲೆ. ಹಳೇ ಮಾನಿಟರ್, ಹಳೇ ಕೀಬೋರ್ಡ್, ಹಳೇ ಮೌಸ್ ಹಾಗೇ ನಡೆಯುತ್ತವೆ. ಅಲ್ಲಿಗೆ ಒಂದು ಒಳ್ಳೆಯ ಬ್ರ್ಯಾಂಡೆಡ್ ವಿಂಡೋಸ್ ಕಂಪ್ಯೂಟರಿನ ಆಸುಪಾಸಿಗೆ ಬಂತು. 'ಮ್ಯಾಕ್ ಅಂದರೆ ಲಕ್ಷದ ಮಾತು' ಅನ್ನುವುದು ಹಳೇ ಕಥೆ. ಸ್ಟೋರೇಜ್ ಜಾಸ್ತಿ ಬೇಕು ಅಂತ 512 ಜಿಬಿಯದಕ್ಕೆ ಹೋದರೆ ಮಾತ್ರ ಆಗ 79,900 ಆಗುತ್ತಿತ್ತು. 256 ಜಿಬಿಗೆ ಇಪ್ಪತ್ತು ಸಾವಿರ ಅಂದರೆ ಹೊಟ್ಟೆ ಉರಿಯುತ್ತದೆ. ಹೊರಗೊಂದು ಎಸ್‌ಎಸ್‌ಡಿ ಸಿಕ್ಕಿಸಿಕೊಳ್ಳಿ, ಸಾಕು.

ಮೊದಲು ಮಳೆ ಮತ್ತು ಕರೆಂಟಿನ ವಿಷಯ. ಬೆಂಗಳೂರಿನವರು ಬರೆಯುವ ರಿವ್ಯೂಗಳಲ್ಲಿ ಇದು ಇರುವುದೇ ಇಲ್ಲ, ನಮಗೆ ಇದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕರೆಂಟು ಯಾವಾಗ ಇರುತ್ತದೆ ಅಂತ ಕೇಳಬಾರದು. ಹಳೇ ಕಂಪ್ಯೂಟರ್ ಯುಪಿಎಸ್ ಮೇಲೆ ಫೈಲ್ ಸೇವ್ ಮಾಡುವಷ್ಟು ಹೊತ್ತು ಇರುತ್ತಿತ್ತು, ಅಷ್ಟೇ, ಆಮೇಲೆ ಕೀಂ ಅಂತ ಕೂಗುತ್ತಿತ್ತು. ಈ ಮ್ಯಾಕ್ ಮಿನಿ ಸುಮ್ನೆ ಇದ್ದಾಗ ಎಳೆಯುವುದು 4 ವ್ಯಾಟ್, ಪೂರ್ತಿ ದುಡಿಸಿದರೂ 65 ವ್ಯಾಟ್. ಇದು ಆಪಲ್ ಕೊಟ್ಟ ಲೆಕ್ಕ. ಮಾನಿಟರ್ ಸೇರಿಸಿದರೂ ಅಂಗಡಿಯ ಇನ್ವರ್ಟರಿಗೆ ಅದು ಭಾರವೇ ಅಲ್ಲ. ಆಷಾಢದ ಮಳೆಯಲ್ಲಿ ಮಧ್ಯಾಹ್ನ ಪೂರ್ತಿ ಕರೆಂಟ್ ಇಲ್ಲದಿದ್ದರೂ ಪ್ರೂಫ್ ತಿದ್ದುವುದು ನಿಲ್ಲುವುದಿಲ್ಲ. ಪ್ರಿಂಟರ್ ನಿಲ್ಲುತ್ತದೆ, ಅದು ಬೇರೆ. ಸೆಟ್ಟಿಂಗ್ಸ್‌ನ ಎನರ್ಜಿ ವಿಭಾಗದಲ್ಲಿ ಕರೆಂಟ್ ಬಂದ ಮೇಲೆ ತಾನೇ ಶುರುವಾಗಲಿ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿಡಿ. ಯಾಕೆಂದರೆ ಪವರ್ ಬಟನ್ ಇಟ್ಟಿದ್ದಾರಲ್ಲ, ಡಬ್ಬಿಯ ಅಡಿಯಲ್ಲಿ! ಎತ್ತಿ ಹಿಡಿದು ಮೂಲೆಯಲ್ಲಿ ತಡಕಾಡಬೇಕು. ಯಾರ ತಲೆಗೆ ಹೊಳೆಯಿತೋ.

ಇನ್ನು ಇರುವೆ. ಮಲೆನಾಡಿನಲ್ಲಿ ಅಂಗಡಿ ಇಟ್ಟವರಿಗೆ ಹೇಳಬೇಕಾಗಿಲ್ಲ. ಸಿಪಿಯು ಕ್ಯಾಬಿನೆಟ್ ತೆಗೆದರೆ ಒಳಗೆ ಇರುವೆ ಮೊಟ್ಟೆ, ಎಸ್‌ಎಂಪಿಎಸ್ ಹತ್ತಿರ ಸತ್ತ ಹಲ್ಲಿ, ರ‍್ಯಾಮಿನ ಕಾಲಿಗೆ ಹಸಿರು ಕಿಲುಬು. ಮಳೆಗಾಲಕ್ಕೊಮ್ಮೆ ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಮ್ಯಾಕ್ ಮಿನಿ ಐದು ಇಂಚು ಚೌಕದ್ದು, ಎರಡು ಇಂಚು ಎತ್ತರ. ಕೌಂಟರ್ ಮೇಲೆ ತಿಂಡಿ ಡಬ್ಬಿ ಇಟ್ಟ ಹಾಗೆ ಕೂರುತ್ತದೆ. ಗಾಳಿ ಆಡುವ ಸಂದು ಅಡಿಯಲ್ಲಿದೆ, ಒಳಗೆ ಫ್ಯಾನೂ ಇದೆ, ಹಾಗಾಗಿ ಇರುವೆ ಬರುವುದೇ ಇಲ್ಲ ಅನ್ನಲಾರೆ. ಆದರೆ ದೊಡ್ಡ ಕ್ಯಾಬಿನೆಟ್ಟಿನಂತೆ ಹತ್ತು ಕಡೆ ತೂತಿಲ್ಲ. ಆದರೆ ರ‍್ಯಾಮ್ ತೆಗೆದು ಉಜ್ಜುವ ಆಟವೂ ಇಲ್ಲಿ ನಡೆಯುವುದಿಲ್ಲ, ಅದು ಒಳಗೇ ಅಂಟಿಕೊಂಡಿರುತ್ತದೆ. ಮುಂದೆ ಜಾಸ್ತಿ ಹಾಕಿಸಿಕೊಳ್ಳುತ್ತೇನೆ ಅನ್ನುವ ಮಾತೂ ಇಲ್ಲ. ಕೊಳ್ಳುವ ದಿನ ಎಷ್ಟೋ ಅಷ್ಟೇ.

ಕೆಲಸದ ವಿಷಯ. ಫೋಟೋಶಾಪ್, ಇನ್‌ಡಿಸೈನ್ ಎರಡೂ ಹಳೇ ಕಂಪ್ಯೂಟರಿಗೆ ಹೋಲಿಸಿದರೆ ಬೇರೆಯೇ ಲೋಕ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋರೆಲ್‌ಡ್ರಾ ಮ್ಯಾಕ್‌ಗೆ ಇಲ್ಲ ಅಂತ ಇನ್ನೂ ಹೇಳುವವರಿದ್ದಾರೆ. 2019ರಲ್ಲೇ ಅದು ಮ್ಯಾಕ್‌ಗೆ ವಾಪಸ್ ಬಂದಿದೆ, ನಮ್ಮ ಹಳೇ ಆಮಂತ್ರಣದ ಫೈಲುಗಳು ತೆರೆಯುತ್ತವೆ. ಆದರೆ ವಿಬಿಎ ಮ್ಯಾಕ್ರೋಗಳು, ಅಂದರೆ ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನೇ ಮಾಡಿಕೊಡುವ ಸಣ್ಣ ಪ್ರೋಗ್ರಾಂಗಳು, ಇಲ್ಲಿ ಓಡುವುದಿಲ್ಲ. ಬಿಲ್ ಬುಕ್ ನಂಬರಿಂಗ್‌ಗೆ ಮ್ಯಾಕ್ರೋ ನೆಚ್ಚಿಕೊಂಡವರು ಇದನ್ನು ಮೊದಲೇ ಯೋಚಿಸಿ. ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಸಣ್ಣ ಊರಿನ ಡಿಟಿಪಿ ಅಂಗಡಿಗಳು ಬಹಳ ಮಟ್ಟಿಗೆ ಓಡುವುದು ಕ್ರ್ಯಾಕ್ ಸಾಫ್ಟ್‌ವೇರಿನ ಮೇಲೆ. ಮ್ಯಾಕ್‌ಗೆ ಬರುವಾಗ ಸಾಫ್ಟ್‌ವೇರಿಗೆ ದುಡ್ಡು ಕೊಟ್ಟೇ ತಗೊಳ್ಳುವುದು ಅಂತ ಇಟ್ಟುಕೊಳ್ಳಿ. ಬಜೆಟ್ಟಿನಲ್ಲಿ ಅದನ್ನು ಸೇರಿಸದೆ 'ಬರೀ ಅರವತ್ತು ಸಾವಿರ' ಅಂತ ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ.

ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಅಂತೂ ಮರೆತುಬಿಡಿ. ತಮಾಷೆ ಏನೆಂದರೆ ಅದು 1985ರಲ್ಲಿ ಹುಟ್ಟಿದ್ದೇ ಮ್ಯಾಕ್ ಮೇಲೆ, ಡಿಟಿಪಿ ಅನ್ನುವ ಕಸುಬು ಶುರುವಾದದ್ದೂ ಅಲ್ಲಿಂದಲೇ. 2001ರ 7.0 ಆದ ಮೇಲೆ ಹೊಸ ಆವೃತ್ತಿ ಬರಲಿಲ್ಲ. ಆದರೂ ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ವಿಂಡೋಸಿನಲ್ಲಿ ಅದೇ ಓಡುತ್ತಿದೆ. ಹಳೇ ಪೇಜ್‌ಮೇಕರ್ ಫೈಲುಗಳ ಗಂಟು ಇದ್ದರೆ ಅದು ವಿಂಡೋಸ್ ಕಂಪ್ಯೂಟರಿನಲ್ಲೇ ಇರಲಿ.

ಈಗ ನಿಜವಾದ ತಲೆನೋವು, ಕನ್ನಡ. ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತ ಇರುವ ಯೂನಿಕೋಡ್ ಕನ್ನಡ ಮ್ಯಾಕ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಒತ್ತಕ್ಷರ ಒಡೆಯುವುದಿಲ್ಲ, ಕನ್ನಡ ಸಂಗಮ್, ನೋಟೋ ಎಲ್ಲ ಒಳಗೇ ಇವೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಂಡರೆ ಸಾಕು, ಅದು ವಿಂಡೋಸಿನಲ್ಲೂ ಮಾಡಲೇಬೇಕಾದದ್ದು. ತೊಂದರೆ ಇರುವುದು 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಲ್ಲಿ. ಎರಡೂ ವಿಂಡೋಸಿಗೆ ಮಾಡಿದವು. ನಮಗೆ ಬರುವ ಕೆಲಸದಲ್ಲಿ ಬಹುಪಾಲು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಆದರೆ ಸೊಸೈಟಿಯ ಸೆಕ್ರೆಟರಿಯವರು ಹೋದ ವರ್ಷದ ಫೈಲಿನ ಮೇಲೇ ಈ ವರ್ಷದ ಅಂಕಿ ಹಾಕಿ ಕಳಿಸುತ್ತಾರೆ. ಹೋದ ವರ್ಷದ್ದು ಅದರ ಹಿಂದಿನ ವರ್ಷದ್ದರ ಮೇಲೆ ಮಾಡಿದ್ದು. ಹೀಗೆ ಹಿಂದೆ ಹಿಂದೆ ಹೋದರೆ ಫಾಂಟು ಯಾವ ಕಾಲದ್ದೋ.

ಆ ಫಾಂಟುಗಳನ್ನು ಮ್ಯಾಕ್‌ಗೂ ಹಾಕಬಹುದು, ಫೈಲ್ ತೆರೆದರೆ ಓದಲೂ ಬರುತ್ತದೆ. ಆದರೆ ಅದರಲ್ಲೇ ಒಂದು ಸಾಲು ತಿದ್ದಬೇಕೆಂದರೆ ಟೈಪ್ ಮಾಡುವ ನುಡಿ ಇಲ್ಲ. ಯೂನಿಕೋಡಿಗೆ ಬದಲಾಯಿಸೋಣ ಅಂತ ಕನ್ವರ್ಟರಿಗೆ ಹಾಕಿದರೆ ಕನ್ನಡ ಪರವಾಗಿಲ್ಲ, ನಡುವಿನ ಇಂಗ್ಲಿಷ್ ಕೆಡುತ್ತದೆ. ಆ ಹಳೇ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಕೂತಿರುವುದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ, ಹಾಗಾಗಿ ಯಾವುದು ಇಂಗ್ಲಿಷ್ ಯಾವುದು ಕನ್ನಡ ಅಂತ ಕನ್ವರ್ಟರಿಗೆ ಗೊತ್ತಾಗುವುದಿಲ್ಲ. ಹಾಲಿನ ಸೊಸೈಟಿಯ ವರದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೆಎಂಎಫ್ ಅಂತ ಇದ್ದದ್ದು 'ಏಒಈ' ಆಗಿ ಕೂರುತ್ತದೆ. ನಗು ಬರುತ್ತದೆ, ಆದರೆ ನಲವತ್ತು ಪುಟದ ವರದಿಯಲ್ಲಿ ಇಂಥದ್ದನ್ನು ಹುಡುಕಿ ತೆಗೆಯುವವರಿಗೆ ನಗು ಬರುವುದಿಲ್ಲ. ಅಢಾವೆ ಪತ್ರಿಕೆಯ ಕೋಷ್ಟಕ ಬೇರೆ ಜರುಗಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎಲ್ಲ ಸಂಘಗಳ ವರದಿ ಒಟ್ಟಿಗೆ ಬರುವಾಗ ಈ ಸರ್ಕಸ್ ಮಾಡಲು ಯಾರಿಗೆ ಪುರುಸೊತ್ತು? ಆ ಕೆಲಸ ವಿಂಡೋಸ್ ಕಂಪ್ಯೂಟರಿನಲ್ಲೇ ಆಗುತ್ತದೆ. ಮುಗಿದ ಪುಟ ಪಿಡಿಎಫ್ ಆಗಿ ಮ್ಯಾಕ್‌ಗೆ ಬರುತ್ತದೆ, ರಕ್ಷಾಪುಟ ಮತ್ತು ಫೋಟೋ ಪುಟ ಇಲ್ಲಿ ಮಾಡಿ ಸೇರಿಸುತ್ತೇವೆ.

ಟೈಪಿಂಗ್ ಕೂಡ ಇದೇ ಕಥೆ. ಮ್ಯಾಕ್ ಜೊತೆ ಬರುವ ಕನ್ನಡ ಕೀಲಿಮಣೆಗಳಲ್ಲಿ ನಮ್ಮವರ ಬೆರಳಿಗೆ ಕೂತಿರುವ ನುಡಿಯ ವಿನ್ಯಾಸ ಇಲ್ಲ. ನಮ್ಮಲ್ಲಿ ಟೈಪಿಂಗ್ ಮಾಡುವ ಅಕ್ಕ ಕೀಬೋರ್ಡ್ ನೋಡದೆ ಪುಟಗಟ್ಟಲೆ ಹೊಡೆಯುವವರು. ಅವರಿಗೆ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ವಿನ್ಯಾಸ ಕಲಿಯಿರಿ ಅನ್ನುವ ಧೈರ್ಯ ನನಗಿಲ್ಲ. ಯುಕುಲೇಲೆ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಬೇಕಾದ ವಿನ್ಯಾಸ ಮಾಡಿಕೊಂಡು ಲೈಬ್ರರಿಯೊಳಗಿನ ಕೀಬೋರ್ಡ್ ಲೇಔಟ್ಸ್ ಫೋಲ್ಡರಿಗೆ ಹಾಕಬಹುದು. ಹಾಗೆ ಮಾಡಿಕೊಂಡಿದ್ದೇವೆ, ಯೂನಿಕೋಡ್ ಟೈಪಿಂಗಿಗೆ ನಡೆಯುತ್ತದೆ. ಆದರೂ ಅಕ್ಕ ಉದ್ದದ ಕೆಲಸ ಇದ್ದರೆ ಸೀದಾ ಎದ್ದು ವಿಂಡೋಸ್ ಕಡೆ ಹೋಗುತ್ತಾರೆ. 'ನಿಮ್ಮ ಚೆಂದದ ಡಬ್ಬಿ ನೀವೇ ಇಟ್ಕೊಳ್ಳಿ' ಅಂತ ಮಾತು ಬೇರೆ.

ಅಭ್ಯಾಸದ ವಿಷಯದಲ್ಲಿ ಕಾಡುವವು ಸಣ್ಣ ಸಣ್ಣವೇ. ಕಂಟ್ರೋಲ್ ಬದಲು ಕಮಾಂಡ್, ಹಳೇ ಕೀಬೋರ್ಡಿನಲ್ಲಿ ಅದು ವಿಂಡೋಸ್ ಗುಂಡಿ. ಫೈಲ್ ಮೇಲೆ ಎಂಟರ್ ಒತ್ತಿದರೆ ತೆರೆಯುವುದಿಲ್ಲ, ಹೆಸರು ಬದಲಿಸಲು ಹೊರಡುತ್ತದೆ. ಕೆಂಪು ಗುಂಡಿ ಒತ್ತಿದರೆ ಕಿಟಕಿ ಮುಚ್ಚುತ್ತದೆ, ಪ್ರೋಗ್ರಾಂ ಒಳಗೆ ಓಡುತ್ತಲೇ ಇರುತ್ತದೆ. ಫೈಲ್ ಕಟ್ ಮಾಡಿ ಪೇಸ್ಟ್ ಮಾಡುವುದಕ್ಕೂ ಬೇರೆ ದಾರಿ: ಕಾಪಿ ಮಾಡಿ, ಆಮೇಲೆ ಕಮಾಂಡ್, ಆಪ್ಷನ್, ವಿ ಒಟ್ಟಿಗೆ ಒತ್ತಬೇಕು. ಇದೆಲ್ಲ ರೂಢಿಯಾಗುತ್ತದೆ. ಆದರೆ ಫೈಲ್ ಆರಿಸಿ ಸ್ಪೇಸ್ ಬಾರ್ ಒತ್ತಿದರೆ ತೆರೆಯದೆಯೇ ಒಳಗಿರುವುದು ಕಾಣುತ್ತದಲ್ಲ, ಅದು ಒಮ್ಮೆ ರೂಢಿಯಾದರೆ ಬಿಡಲಾಗುವುದಿಲ್ಲ. ಗಿರಾಕಿ ಎದುರು ನಿಂತು 'ಮೊನ್ನೆ ಮಾಡಿದ್ರಲ್ಲ, ಅದೇ ಕಾರ್ಡು, ಗಣಪತಿ ಎಡಗಡೆ ಇರೋದು' ಅನ್ನುವಾಗ ಸಟಸಟ ತೋರಿಸಬಹುದು.

ಪೆನ್‌ಡ್ರೈವ್ ಕಥೆ ಮಜವಾಗಿದೆ. ಇಲ್ಲಿಗೆ ಬರುವ ಪೆನ್‌ಡ್ರೈವುಗಳಲ್ಲಿ ಆ ಶಾರ್ಟ್‌ಕಟ್ ವೈರಸ್ ಇಲ್ಲದ್ದು ಅಪರೂಪ. ಅದು ವಿಂಡೋಸಿಗೆ ಬರೆದದ್ದು, ಮ್ಯಾಕ್‌ನಲ್ಲಿ ಓಡುವುದಿಲ್ಲ. ಅದು ಅಡಗಿಸಿಟ್ಟ ಫೋಲ್ಡರನ್ನು ಇಲ್ಲಿ ತೆರೆದು ಫೈಲ್ ತೆಗೆದುಕೊಡಬಹುದು. ಆದರೆ ಮ್ಯಾಕ್‌ಗೂ ತನ್ನದೇ ಒಂದು ಚಾಳಿ ಇದೆ, ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನ ಪುಟ್ಟ ಪುಟ್ಟ ಫೈಲುಗಳನ್ನು ಬಿಟ್ಟುಹೋಗುತ್ತದೆ. ಮ್ಯಾಕ್‌ನಲ್ಲಿ ಕಾಣುವುದಿಲ್ಲ, ಗಿರಾಕಿ ಮನೆಗೆ ಹೋಗಿ ವಿಂಡೋಸಿಗೆ ಹಾಕಿದರೆ ಕಾಣುತ್ತದೆ. ಒಬ್ಬ ನಿವೃತ್ತ ಮಾಸ್ತರರು ಮರುದಿನ ಬಾಗಿಲು ತೆಗೆಯುವುದಕ್ಕೆ ಕಾದಿದ್ದು 'ಎಂತ ವೈರಸ್ ಬಿಟ್ಟಿದ್ಯೋ ತಮಾ ನನ್ನ ಪೆನ್‌ಡ್ರೈವಿಗೆ?' ಅಂತ ಕೇಳಿದರು. ಅದು ವೈರಸ್ ಅಲ್ಲ ಅಂತ ನಂಬಿಸುವಷ್ಟರಲ್ಲಿ ಚಹಾ ತಣ್ಣಗಾಯಿತು. ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಹಾರ್ಡ್ ಡಿಸ್ಕ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಬ್ಯಾಕಪ್ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾಡಿಕೊಂಡರೆ ಎರಡೂ ಕಡೆ ನಡೆಯುತ್ತದೆ.

ಲೆಕ್ಕಪತ್ರದ ಟ್ಯಾಲಿ ವಿಂಡೋಸಿಗೇ. ಹಾಗಾಗಿ ಮೂಲೆಯ ವಿಂಡೋಸ್ ಕಂಪ್ಯೂಟರಿಗೆ ಅದೂ ಒಂದು ಕೆಲಸ. ಅದಕ್ಕೆ ವಿಂಡೋಸ್ ಪ್ರೊ ಹಾಕಿಸಿಕೊಂಡರೆ ಮ್ಯಾಕ್‌ನಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಆ್ಯಪ್ ಮೂಲಕ ಅದರೊಳಗೆ ಹೋಗಿ, ಕುರ್ಚಿ ಬಿಟ್ಟೇಳದೆ ಬಿಲ್ ಹಾಕಬಹುದು. ಹೋಮ್ ಆವೃತ್ತಿಗೆ ಹೀಗೆ ಹೊರಗಿನಿಂದ ಹೋಗಲು ಬರುವುದಿಲ್ಲ, ಕೊಳ್ಳುವಾಗ ನೋಡಿ. ಜಿಎಸ್‌ಟಿ ರಿಟರ್ನ್ ಒಬ್ಬರೇ ಮಾಲೀಕರ ಅಂಗಡಿಯಾದರೆ ಒಟಿಪಿಯಲ್ಲೇ ಮುಗಿಯುತ್ತದೆ, ಬ್ರೌಸರ್ ಇದ್ದರೆ ಸಾಕು. ಕಂಪನಿ, ಎಲ್‌ಎಲ್‌ಪಿ ಆಗಿದ್ದರೆ ಡಿಜಿಟಲ್ ಸಹಿಯ ಟೋಕನ್ ಬೇಕು, ಅದನ್ನು ವಿಂಡೋಸಿಗೇ ಸಿಕ್ಕಿಸಿ.

ಸರ್ವಿಸ್ ವಿಷಯದಲ್ಲಿ ಸ್ವಲ್ಪ ಹೆದರಿಕೆ ಇದ್ದೇ ಇದೆ. ವಿಂಡೋಸ್ ಕಂಪ್ಯೂಟರ್ ಕೆಟ್ಟರೆ ಪೇಟೆಯಲ್ಲೇ ಯಾರಾದರೂ ಸಂಜೆಯೊಳಗೆ ಬಿಚ್ಚಿ ಜೋಡಿಸಿ ಕೊಡುತ್ತಾರೆ. ಮ್ಯಾಕ್ ಕೆಟ್ಟರೆ ಅವರು ಕೈ ಹಾಕುವುದಿಲ್ಲ. ಡಬ್ಬಿ ಹಿಡಿದು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ವಿಚಾರಿಸಬೇಕು, ಇಲ್ಲವೇ ರಾತ್ರಿ ಬಸ್ ಹತ್ತಿ ಬೆಂಗಳೂರು. ಅಲ್ಲಿ ಹೆಬ್ಬಾಳದಲ್ಲಿ ಆಪಲ್‌ನ ಸ್ವಂತ ಅಂಗಡಿ 2025ರ ಸೆಪ್ಟೆಂಬರಿನಲ್ಲಿ ತೆರೆದಿದೆ. ಇಲ್ಲಿಯವರೆಗೆ ಆ ಪ್ರಸಂಗ ಬಂದಿಲ್ಲ. ಆದರೆ ಮದುವೆ ಸೀಸನ್ನಿನಲ್ಲಿ ಬಂದರೆ ಏನು ಅನ್ನುವುದಕ್ಕೇ ಎರಡನ್ನೂ ಒಂದೇ ಥರದ್ದು ತಗೊಂಡದ್ದು.

ಬರೀ ಝೆರಾಕ್ಸು, ಅರ್ಜಿ ತುಂಬುವುದು, ಟ್ಯಾಲಿ ಇಷ್ಟೇ ಇರುವ ಅಂಗಡಿಯವರು ಇದರ ಗೊಡವೆಗೆ ಹೋಗಬೇಡಿ, ದುಡ್ಡು ದಂಡ. ಡಿಸೈನ್, ಫೋಟೋ, ವಿಡಿಯೋ ಕೆಲಸ ಜಾಸ್ತಿ ಇದ್ದರೆ ಧಾರಾಳವಾಗಿ ತಗೊಳ್ಳಿ, ಆದರೆ ಒಂದು ವಿಂಡೋಸ್ ಉಳಿಸಿಕೊಳ್ಳಿ. ಮತ್ತೆ ಮ್ಯಾಕ್ ಮಿನಿಯಲ್ಲಿ ನಮ್ಮ ಹಳೇ ಅಗಲದ ಯುಎಸ್‌ಬಿ ತೂತು ಒಂದೂ ಇಲ್ಲ, ಎಲ್ಲವೂ ಟೈಪ್ ಸಿ. ಕೀಬೋರ್ಡ್, ಮೌಸ್, ಪ್ರಿಂಟರ್, ಗಿರಾಕಿಯ ಪೆನ್‌ಡ್ರೈವ್ ಎಲ್ಲಕ್ಕೂ ಹಬ್ ಬೇಕು. ಅದೇ ದಿನ ಒಂದು ಒಳ್ಳೆಯದನ್ನು ತಗೊಳ್ಳಿ. ಪ್ರಿಂಟರ್ ಹಳೆಯದಾಗಿದ್ದರೆ ನಿಮ್ಮ ಮ್ಯಾಕ್‌ನ ಆವೃತ್ತಿಗೆ ಡ್ರೈವರ್ ಇದೆಯೋ ಇಲ್ಲವೋ ಅಂತ ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ.