ದಾಖಲೆ ತಿದ್ದಿಸಲು ಕೌಂಟಿಯ ವೆಟರನ್ ಸರ್ವಿಸ್ ಆಫೀಸ್: ನನ್ನ ಅನುಭವ

ನನ್ನ ಗಂಡ ಅಮೆರಿಕನ್ ಸೇನೆಯಲ್ಲಿದ್ದವರು, ಕುವೈತ್‌ನಲ್ಲಿ ಕೆಲಸ ಮಾಡಿದವರು. ಆದರೆ ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ, ಅಂದರೆ ಅವರ ಡಿಡಿ-214ರಲ್ಲಿ, ವಿದೇಶ ಸೇವೆಯ 12ಎಫ್ ಕಾಲಂನಲ್ಲಿ ಬರೀ ಸೊನ್ನೆ. ಪದಕಗಳ 13ನೇ ಕಾಲಂನಲ್ಲಿ ಕುವೈತ್‌ಗೆ ಸಿಗಬೇಕಾದ ಎಕ್ಸ್‌ಪಿಡಿಷನರಿ ಮೆಡಲ್ ಇರಲೇ ಇಲ್ಲ. ನನಗೆ ತುಂಬಾ ನೋವಾಗಿತ್ತು.

ಇದನ್ನು ತಿದ್ದಿಸಲು, ಮಾಜಿ ಸೈನಿಕರಿಗೆ ನೆರವಾಗುವ ನಮ್ಮ ಕೌಂಟಿಯ ವೆಟರನ್ ಸರ್ವಿಸ್ ಆಫೀಸ್‌ಗೆ ಹೋದೆವು. ಇಲ್ಲಿ ಸಹಾಯ ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರ ಹತ್ತಿರ ಸುಮ್ನೆ ಹೋಗಬೇಡಿ. ಆಫೀಸರಮ್ಮ ಮೊದಲು ಕೇಳಿದ್ದು ಪುರಾವೆ: ಡಿಪ್ಲಾಯ್‌ಮೆಂಟ್ ಆರ್ಡರ್, ಪದಕದ ಸರ್ಟಿಫಿಕೇಟ್, ಆ ತಿಂಗಳುಗಳ ಸಂಬಳದ ಚೀಟಿ. ಅಪಾಯದ ಜಾಗದ ಭತ್ಯೆ ಅದರಲ್ಲಿ ಕಾಣುತ್ತದೆ, ಅದೇ ಗಟ್ಟಿ ಸಾಕ್ಷಿ ಅಂದರು. ನಮ್ಮಲ್ಲಿಲ್ಲದ ಕಾಗದಗಳಿಗೆ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ, ದಾಖಲೆ ಕೇಳುವ ಎಸ್‌ಎಫ್-180 ಫಾರ್ಮ್ ತುಂಬಿಸಿದರು.

ಹಳೆಯ ಹಾಳೆಯನ್ನು ಅಳಿಸುವುದಿಲ್ಲ. ತಿದ್ದುಪಡಿ ಡಿಡಿ-215 ಎಂಬ ಬೇರೆ ಹಾಳೆಯಾಗಿ ಬರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಹೀಗೆ ಆಗದಿದ್ದರೆ ಡಿಡಿ-149 ಎಂಬ ಅರ್ಜಿ ಹಿಡಿದು ಸೇನಾ ದಾಖಲೆಗಳ ತಿದ್ದುಪಡಿ ಮಂಡಳಿಗೆ ಹೋಗಬೇಕು. ತಪ್ಪು ಗೊತ್ತಾದ 3 ವರ್ಷದೊಳಗೆ ಹಾಕುವುದು ನಿಯಮ.

ಫೋನ್ ಎತ್ತುವುದು ಕಡಿಮೆ, ಕಾಯುವುದು ಜಾಸ್ತಿ. ನೇರವಾಗಿ ಹೋಗಿ. ಮೂಲ ಪ್ರತಿ ಮಾತ್ರ ಯಾರಿಗೂ ಕೊಡಬೇಡಿ, ನಕಲು ಸಾಕು.