ಅರಿಜೋನಾನಾ, ಕುಮಾಮೊಟೊನಾ?

ಹೊರದೇಶದಲ್ಲಿ ಚಿಪ್ ಫ್ಯಾಕ್ಟರಿ ಕಟ್ಟುವ ಲೆಕ್ಕಾಚಾರದಲ್ಲಿ ಇರುವವರು ತೈವಾನಿನ ಚಿಪ್ ತಯಾರಕ ಟಿಎಸ್ಎಂಸಿ ಕಥೆಯನ್ನು ಒಮ್ಮೆ ನೋಡಬೇಕು. ಕಂಪನಿ ಒಂದೇ, ಫಲಿತಾಂಶ ಮಾತ್ರ ಬೇರೆ ಬೇರೆ.

ಅಮೆರಿಕದ ಅರಿಜೋನಾದಲ್ಲಿ 2021ರಲ್ಲಿ ಕೆಲಸ ಶುರುವಾಯಿತು, ಚಿಪ್ 2024ರಲ್ಲಿ ಬರಬೇಕಿತ್ತು. 2023ರ ಜುಲೈನಲ್ಲಿ ಕಂಪನಿ ಗಡುವನ್ನು 2025ಕ್ಕೆ ಮುಂದೂಡಿತು. ಯಂತ್ರ ಕೂರಿಸಲು ನುರಿತ ಕೆಲಸಗಾರರು ಸಾಕಾಗಲಿಲ್ಲ ಅನ್ನುವುದು ಕಾರಣ. ತೈವಾನಿನಿಂದ ಜನ ಕರೆಸಲು ಹೊರಟರೆ ಅರಿಜೋನಾದ ಕಾರ್ಮಿಕ ಸಂಘಗಳು ತಕರಾರು ತೆಗೆದವು. ಪರ್ಮಿಟ್ ವಿಷಯ ಇನ್ನೂ ಮಜಾ. ಎಷ್ಟೋ ಕಡೆ ನಿಯಮಗಳೇ ಇರಲಿಲ್ಲ, ನಾವೇ 18,000 ನಿಯಮ ಮಾಡಿಸಬೇಕಾಯಿತು, ಅದಕ್ಕೇ 3.5 ಕೋಟಿ ಡಾಲರ್ ಹೋಯಿತು ಎಂದು ಮುಖ್ಯಸ್ಥ ಸಿ.ಸಿ. ವೇ ಹೇಳಿದ್ದರು. ಇಟ್ಟಿಗೆ ಇಡೋಕೆ ಮೊದಲೇ ಪುಸ್ತಕ ಬರೆದ ಹಾಗಾಯ್ತು ಅಲ್ವಾ!

ಜಪಾನಿನ ಕುಮಾಮೊಟೊದಲ್ಲಿ 2022ರ ಏಪ್ರಿಲ್‌ನಲ್ಲಿ ಶುರು, 2024ರ ಫೆಬ್ರವರಿಯಲ್ಲಿ ಉದ್ಘಾಟನೆ, ಅದೇ ಡಿಸೆಂಬರ್‌ನಲ್ಲಿ ಉತ್ಪಾದನೆ. ಹಗಲು ರಾತ್ರಿ ಪಾಳಿಯಲ್ಲಿ ಕಟ್ಟಿದರು. ಸರ್ಕಾರದ ದುಡ್ಡೂ ಬಂತು, ಸೋನಿಯಂಥ ಪಾಲುದಾರರೂ ಸಿಕ್ಕರು.

ಆದರೆ ಹೋಲಿಕೆ ಪೂರ್ತಿ ಸಮ ಅಲ್ಲ. ಜಪಾನಿನದು 12ರಿಂದ 28 ನ್ಯಾನೋಮೀಟರ್‌ನ ಹಳೆಯ ತಂತ್ರ. ಅರಿಜೋನಾದ್ದು 4 ನ್ಯಾನೋಮೀಟರ್; ಈ ಸಂಖ್ಯೆ ಚಿಕ್ಕದಾದಷ್ಟೂ ತಂತ್ರ ಹೊಸದು, ಜಾಸ್ತಿ ಕಷ್ಟ. ಕುಮಾಮೊಟೊದಲ್ಲೂ ಈಗ ರಸ್ತೆ ತುಂಬ ಟ್ರಾಫಿಕ್, ಎರಡನೇ ಫ್ಯಾಕ್ಟರಿ ತಡವಾಗಲು ಅದೂ ಒಂದು ಕಾರಣ.

ನನ್ನ ಮಟ್ಟಿಗೆ, ದಿನಾಂಕವೇ ಮುಖ್ಯವಾದರೆ ಕುಮಾಮೊಟೊ. ದೊಡ್ಡ ಅಮೆರಿಕನ್ ಗ್ರಾಹಕರ ಪಕ್ಕದಲ್ಲೇ ಇರಬೇಕೆಂದರೆ ಅರಿಜೋನಾ, ಒಂದು ವರ್ಷ ಜಾಸ್ತಿ ಹಿಡಿದಿಟ್ಟುಕೊಂಡು.